ಪೆಟ್ರೋಲ್, ಡೀಸೆಲ್ ಎಂಜಿನ್ ಕೆಲಸ ಮಾಡುವುದು ಹೇಗೆ? ಟ್ಯಾಂಕಿಗೆ ತಪ್ಪು ಇಂಧನ ಬಿದ್ದರೆ ಏನಾಗುತ್ತದೆ?

ಬಾಡಿಗೆ ಕಾರಿನಲ್ಲಿ ಊರಿಗೆ ಹೊರಟಿದ್ದೀರಿ. ದಾರಿಯಲ್ಲಿ ಬಂಕ್ ಹುಡುಗ ಡೀಸೆಲ್ ಕಾರಿಗೆ ಪೆಟ್ರೋಲ್ ತುಂಬಿಸಿಬಿಟ್ಟ. ಒಂದೇ ಮಾದರಿಯ ಕಾರು ಎರಡೂ ಇಂಧನದಲ್ಲಿ ಸಿಗುವಾಗ ಇಂಥ ಎಡವಟ್ಟು ಅಪರೂಪವೇನಲ್ಲ. ಎರಡೂ ಉರಿಯುವ ಎಣ್ಣೆಯೇ ಆಗಿರುವಾಗ ಎಂಜಿನ್ ಏಕೆ ಕೆಡಬೇಕು? ಉತ್ತರ ಇರುವುದು ಸಿಲಿಂಡರ್ ಒಳಗೆ ಬೆಂಕಿ ಹೊತ್ತುವ ರೀತಿಯಲ್ಲಿ.

ಪೆಟ್ರೋಲ್‌ಗೆ ಕಿಡಿ ಬೇಕು

ಸಾಮಾನ್ಯ ಪೆಟ್ರೋಲ್ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ಗಾಳಿ ಮತ್ತು ಪೆಟ್ರೋಲ್ ಮಿಶ್ರಣ ಒಳಬರುತ್ತದೆ. ಪಿಸ್ಟನ್ ಮೇಲೇರಿ ಅದನ್ನು ಒತ್ತುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದೊಡನೆ ಮಿಶ್ರಣ ಉರಿದು ಪಿಸ್ಟನ್ ರಭಸದಿಂದ ಕೆಳಕ್ಕೆ ತಳ್ಳಲ್ಪಡುತ್ತದೆ. ಮತ್ತೆ ಮೇಲೇರುವಾಗ ಹೊಗೆ ಹೊರಹೋಗುತ್ತದೆ. ಇದೇ ಫೋರ್ ಸ್ಟ್ರೋಕ್. ಜರ್ಮನಿಯ ನಿಕೋಲಸ್ ಆಟೋ 1876ರಲ್ಲಿ ಇಂಥ ಎಂಜಿನ್ ಓಡಿಸಿ ತೋರಿಸಿದ್ದರು. ಮಿಶ್ರಣವನ್ನು ಅತಿಯಾಗಿ ಒತ್ತಿದರೆ ಕಿಡಿಗೆ ಮೊದಲೇ ಹೊತ್ತಿಕೊಂಡು ಎಂಜಿನ್ ಕಟಕಟ ಬಡಿಯುತ್ತದೆ. ಅದನ್ನು ತಡೆಯುವ ಪೆಟ್ರೋಲ್‌ನ ಶಕ್ತಿಯೇ ಆಕ್ಟೇನ್ ಸಂಖ್ಯೆ.

ಡೀಸೆಲ್‌ಗೆ ಒತ್ತಡವೇ ಸಾಕು

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಒಳಬರುವುದು ಬರೀ ಗಾಳಿ. ಅದನ್ನು ಹದಿನೈದು, ಇಪ್ಪತ್ತು ಪಟ್ಟು ಒತ್ತಿದಾಗ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. ಆ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಇದನ್ನು 1897ರಲ್ಲಿ ಸಾಧಿಸಿದರು.

ಇಷ್ಟು ಒತ್ತಡ ತಡೆಯಬೇಕಾದ್ದರಿಂದ ಡೀಸೆಲ್ ಎಂಜಿನ್ ಗಟ್ಟಿ, ಭಾರ. ಕಡಿಮೆ ವೇಗದಲ್ಲೂ ಎಳೆಯುವ ಶಕ್ತಿ ಹೆಚ್ಚು, ಮೈಲೇಜೂ ಹೆಚ್ಚು. ಲಾರಿ, ಟ್ರ್ಯಾಕ್ಟರ್‌ಗಳು ಅದನ್ನೇ ನೆಚ್ಚಿಕೊಂಡಿರುವುದು ಇದಕ್ಕೇ. ಆದರೆ ಕೊನೆಯ ಗಳಿಗೆಯಲ್ಲಿ ಚಿಮ್ಮಿದ ಡೀಸೆಲ್ ಗಾಳಿಯೊಂದಿಗೆ ಪೂರ್ತಿ ಬೆರೆಯುವಷ್ಟು ಸಮಯ ಸಿಗುವುದಿಲ್ಲ. ಕಪ್ಪು ಮಸಿ ಹುಟ್ಟುವುದು ಅಲ್ಲೇ.

1998ರ ಸುಪ್ರೀಂ ಕೋರ್ಟ್ ಆದೇಶದ ನಂತರ ದೆಹಲಿಯ ಬಸ್‌ಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾದವು. ಆಗ ಟ್ಯಾಂಕ್ ಬದಲಿಸಿದರಷ್ಟೇ ಸಾಲುತ್ತಿರಲಿಲ್ಲ. ಸಿಎನ್‌ಜಿ ಬರೀ ಒತ್ತಡಕ್ಕೆ ಸುಲಭವಾಗಿ ಹೊತ್ತಿಕೊಳ್ಳದ ಕಾರಣ ಕಿಡಿ ಹಾರಿಸುವ ಎಂಜಿನ್ ಬೇಕಾಯಿತು. ಇಂದಿಗೂ ಸಿಎನ್‌ಜಿ ಕಿಟ್ ಸಾಮಾನ್ಯವಾಗಿ ಪೆಟ್ರೋಲ್ ಕಾರಿಗೇ ಕೂರುವುದು ಇದರಿಂದಲೇ.

ಮೈಸೂರಿನ ಜಾವಾ ಏಕೆ ನಿಂತುಹೋಯಿತು?

ಟೂ ಸ್ಟ್ರೋಕ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. 1961ರಿಂದ 1996ರವರೆಗೆ ಅಲ್ಲಿ ಜಾವಾ, ಯೆಜ್ಡಿ ಬೈಕ್‌ಗಳು ತಯಾರಾದವು. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೊಮ್ಮೆ ಬೆಂಕಿ ಹೊತ್ತಿದರೆ ಇದರಲ್ಲಿ ಪ್ರತಿ ಸುತ್ತಿಗೂ ಹೊತ್ತುತ್ತದೆ. ಹಾಗಾಗಿ ಎಂಜಿನ್ ಹಗುರ, ಎಳೆತ ಜೋರು. ಆದರೆ ಹೊಗೆಯನ್ನು ಹೊರದಬ್ಬುವುದು ಹೊಸದಾಗಿ ಬಂದ ಮಿಶ್ರಣವೇ. ಅದರಲ್ಲೊಂದಿಷ್ಟು ಉರಿಯದೆ ಜೊತೆಗೇ ಹೊರಬೀಳುತ್ತದೆ. ಪೆಟ್ರೋಲ್‌ಗೆ ಬೆರೆಸಿದ ಆಯಿಲ್ ಕೂಡ ಉರಿದು ನೀಲಿ ಹೊಗೆ ಏಳುತ್ತದೆ. ಅಭಿಮಾನಿಗಳು ಎಷ್ಟೇ ಮರುಗಿದರೂ ಮಾಲಿನ್ಯ ನಿಯಮ ಬಿಗಿಯಾದಂತೆ ಇಂಥ ಬೈಕ್‌ಗಳಿಗೆ ಉಳಿಗಾಲ ಇರಲಿಲ್ಲ.

ತಪ್ಪು ಇಂಧನ ಬಿದ್ದರೆ?

ಪೆಟ್ರೋಲ್ ಕಾರಿಗೆ ಡೀಸೆಲ್ ಬಿದ್ದರೆ ಪ್ಲಗ್ ಕಪ್ಪಾಗಿ, ಹೊಗೆ ಕಾರಿ ಎಂಜಿನ್ ನಿಂತುಬಿಡುತ್ತದೆ. ಹೆಚ್ಚಿನ ಸಂದರ್ಭದಲ್ಲಿ ಸ್ವಚ್ಛ ಮಾಡಿಸಿದರೆ ಸರಿಹೋಗುತ್ತದೆ. ಡೀಸೆಲ್ ಕಾರಿಗೆ ಪೆಟ್ರೋಲ್ ಬೀಳುವುದು ದುಬಾರಿ. ಅದರ ಇಂಧನ ಪಂಪ್‌ಗೆ, ಇಂಜೆಕ್ಟರ್‌ಗೆ ಡೀಸೆಲ್‌ನ ಜಿಡ್ಡೇ ಗ್ರೀಸ್ ಇದ್ದಂತೆ. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಹಾಕಿದಾಗ ಲೋಹಕ್ಕೆ ಲೋಹ ಉಜ್ಜಿ, ಸವೆದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತದೆ.

ಬಂಕ್‌ನಲ್ಲೇ ಗೊತ್ತಾದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಕೀ ಕೂಡ ಆನ್ ಮಾಡಬೇಡಿ. ಹಲವು ಕಾರುಗಳಲ್ಲಿ ಕೀ ತಿರುಗಿಸಿದೊಡನೆ ಪಂಪ್ ಓಡತೊಡಗುತ್ತದೆ. ನ್ಯೂಟ್ರಲ್‌ಗೆ ಹಾಕಿ ಕಾರನ್ನು ಪಕ್ಕಕ್ಕೆ ತಳ್ಳಿಸಿ, ಮೆಕ್ಯಾನಿಕ್ ಕರೆಸಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ಬಿಲ್ ಮಾತ್ರ ಎತ್ತಿಟ್ಟುಕೊಳ್ಳಿ. ಯಾವ ಇಂಧನ ಹಾಕಲಾಯಿತು ಎಂಬುದಕ್ಕೆ ಅದೇ ಪುರಾವೆ.