ಹೆಬ್ಬೆರಳಿಗೊಂದು ಕೋಣೆ: ದೆಹಲಿಯ ಚಳಿ ಮತ್ತು ಕಾಲುಚೀಲದ ಚರಿತ್ರೆ

ಊರಿನಲ್ಲಿದ್ದಾಗ ಕಾಲುಚೀಲ ಎಂದರೆ ಶಾಲೆಯ ಬೂಟಿನ ಜೊತೆ ಹಾಕುವ ವಸ್ತು, ಅಷ್ಟೇ. ಭಾನುವಾರ ನಮ್ಮ ಜೊತೆ ಅದಕ್ಕೂ ರಜೆ. ದೆಹಲಿಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಡಿಸೆಂಬರ್ ಬಂದರೆ ಹಾಸಿಗೆಯಿಂದ ಅಡುಗೆಮನೆಗೆ ಹೋಗುವುದಕ್ಕೂ ಕಾಲುಚೀಲ ಬೇಕು ಎಂದು. 2021ರ ಜನವರಿ 1ರಂದು ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಕನಿಷ್ಠ ಉಷ್ಣಾಂಶ 1.1 ಡಿಗ್ರಿಗೆ ಇಳಿದಿತ್ತು. ನಮ್ಮ ಫ್ಲ್ಯಾಟುಗಳನ್ನು ಕಟ್ಟಿರುವುದು ಮೇ ತಿಂಗಳ ಬಿಸಿಲಿಗೆ. ಜನವರಿಯಲ್ಲಿ ಅದೇ ಮಾರ್ಬಲ್ ನೆಲ ಮಂಜುಗಡ್ಡೆಯ ಹಾಗಿರುತ್ತದೆ.

ಮೂರು ವರ್ಷದ ಹಿಂದೆ ನಮ್ಮ ಅತ್ತೆಯವರು ಹಾಸನದಿಂದ ನೋಯ್ಡಾಕ್ಕೆ ಬಂದದ್ದು ಇಂಥದೇ ಜನವರಿಯಲ್ಲಿ. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಪಾದ ತಣ್ಣಗಾಗಬಾರದೆಂದು ನಾನೇ ಮುತುವರ್ಜಿಯಿಂದ ದುಬಾರಿ ‘ಥರ್ಮಲ್’ ಕಾಲುಚೀಲ ತಂದು, ಒಂದರ ಮೇಲೊಂದು ಎರಡು ಜೊತೆ ಹಾಕಿಸಿದೆ. ನಾಲ್ಕನೆಯ ರಾತ್ರಿ ಬಿಚ್ಚಿ ನೋಡಿದರೆ ಮೀನಖಂಡದ ಸುತ್ತ ರಬ್ಬರಿನ ಆಳವಾದ ಗುರುತು, ಕಾಲುಂಗುರದ ಕೆಳಗೆ ಬೊಬ್ಬೆ. ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗುತ್ತದೆ, ಚಿಕ್ಕ ಗಾಯವೂ ದೊಡ್ಡದಾಗಬಹುದು ಎಂದರು ಡಾಕ್ಟರು. “ನಲವತ್ತು ವರ್ಷದಿಂದ ತೆಗೆದಿಲ್ಲ ಕಣಮ್ಮ” ಎನ್ನುತ್ತಲೇ ಅತ್ತೆ ಕಾಲುಂಗುರ ತೆಗೆದು ನನ್ನ ಕೈಗೆ ಕೊಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ಸಣ್ಣ ವಸ್ತುವಿನಲ್ಲಿ ಎಲ್ಲಿ ತಪ್ಪಿದೆ ಎಂದು ಓದತೊಡಗಿದೆ. ಓದುತ್ತಾ ಹೋದಂತೆ ಅದು ಚರಿತ್ರೆಯಾಯಿತು.

ಉತ್ತರ ಇಂಗ್ಲೆಂಡಿನ ವಿಂಡೊಲಾಂಡಾ ಎಂಬಲ್ಲಿ ರೋಮನ್ ಸೈನಿಕರ ಕೋಟೆಯೊಂದಿತ್ತು. ಅಲ್ಲಿ 1973ರಿಂದ ತೆಳುವಾದ ಮರದ ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಗುತ್ತಾ ಬಂದಿವೆ. ಸುಮಾರು 1,900 ವರ್ಷ ಹಳೆಯ ಅಂಥ ಒಂದು ಪತ್ರದಲ್ಲಿ, ಕಾಲುಚೀಲ, ಚಪ್ಪಲಿ, ಒಳ ಉಡುಪು ಕಳಿಸಿದ್ದೇನೆ ಎಂದು ಯಾರೋ ಬರೆದಿದ್ದಾರೆ. ಊರಿಂದ ಬರುವ ಚಟ್ನಿಪುಡಿಯ ಪಾರ್ಸಲ್ಲಿನ ಜೊತೆ “ಚಳಿ ಜಾಸ್ತಿಯಂತೆ, ಸ್ವೆಟರ್ ಹಾಕ್ಕೋ” ಎಂಬ ಮಾತು ಕೇಳುವ ನಮಗೆ ಆ ಪತ್ರ ಹೊಸದಾಗಿ ಕಾಣುವುದಿಲ್ಲ.

ನನಗೆ ಹೆಚ್ಚು ಆಶ್ಚರ್ಯ ತಂದದ್ದು ಈಜಿಪ್ಟಿನ ಕಾಲುಚೀಲ. ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಉತ್ಖನನದಲ್ಲಿ ಸಿಕ್ಕ ಒಂದು ಜೊತೆ ಕೆಂಪು ಉಣ್ಣೆಯ ಕಾಲುಚೀಲ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದರ ಕಾಲ ಕ್ರಿ.ಶ. 250ರಿಂದ 420ರ ನಡುವೆ. ಒಂದೇ ಸೂಜಿಯಿಂದ ಹೆಣೆದ ಅದರಲ್ಲಿ ಹೆಬ್ಬೆರಳಿಗೆ ಬೇರೆ ಕೋಣೆ, ಉಳಿದ ನಾಲ್ಕು ಬೆರಳಿಗೆ ಬೇರೆ ಕೋಣೆ ಇದೆ. ಚಪ್ಪಲಿಯ ಪಟ್ಟಿ ನಡುವೆ ಕೂರಲಿ ಎಂದು ಹಾಗೆ ಮಾಡಿದ್ದು. ದೆಹಲಿಯ ಫುಟ್‌ಪಾತಿನಲ್ಲಿ ‘ಅಂಗೂಠೇ ವಾಲೇ ಮೋಜೇ’ ಎಂದು ಕೂಗಿ ಮಾರುವ ಕಾಲುಚೀಲವೂ ಇದೇ ತಾನೇ? ‘ಆಂಟಿ ಸಾಕ್ಸ್’ ಎಂದು ಆಫೀಸಿನಲ್ಲಿ ನಾವು ನಗುತ್ತಿದ್ದ ಆ ವಿನ್ಯಾಸಕ್ಕೆ 1,600 ವರ್ಷ ವಯಸ್ಸು!

ಕಾಲುಚೀಲ ಅಗ್ಗವಾಗಲು ಯಂತ್ರ ಬರಬೇಕಾಯಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ ಹೆಣಿಗೆ ಯಂತ್ರ ಕಂಡುಹಿಡಿದ. ಕೈಯಿಂದ ಹೆಣೆಯುವ ಬಡವರ ಹೊಟ್ಟೆಗೆ ಹೊಡೆತ ಬೀಳುತ್ತದೆ ಎಂದು ಮೊದಲನೆಯ ಎಲಿಜಬೆತ್ ರಾಣಿ ಅವನಿಗೆ ಪೇಟೆಂಟ್ ಕೊಡಲಿಲ್ಲ ಎಂಬ ಪ್ರತೀತಿ ಇದೆ. ಲೀ ಫ್ರಾನ್ಸಿಗೆ ಹೋದ, ಅಲ್ಲೂ ಕೈ ಹತ್ತಲಿಲ್ಲ. ಅವನ ಯಂತ್ರ ಮಾತ್ರ ಉಳಿಯಿತು.

ನಮ್ಮಲ್ಲಿ ಈ ಕಸುಬಿನ ರಾಜಧಾನಿ ಲೂಧಿಯಾನ. 1833ರ ಕ್ಷಾಮದಲ್ಲಿ ಕಾಶ್ಮೀರ ಬಿಟ್ಟ ಶಾಲು ನೇಕಾರರು ಪಂಜಾಬಿನ ಊರುಗಳಲ್ಲಿ ನೆಲೆಸಿದರು. ಕಾಶ್ಮೀರಿ ಶಾಲಿಗೆ ಯುರೋಪಿನಲ್ಲಿ ಬೇಡಿಕೆ ಕುಸಿದ ಮೇಲೆ ಲೂಧಿಯಾನ ಹೊಸೈರಿಯ ಕಡೆ ತಿರುಗಿತು. ಎರಡು ಮಹಾಯುದ್ಧಗಳಲ್ಲಿ ಸೈನ್ಯಕ್ಕೆ ಬೇಕಾದ ಉಣ್ಣೆಯ ಉಡುಪು ಒದಗಿಸುತ್ತಾ ಆ ಊರು ಬೆಳೆಯಿತು. ಆಮೇಲೆ ಬಂದದ್ದು ಅಕ್ರಿಲಿಕ್. ಉಣ್ಣೆಗಿಂತ ಬಹಳ ಅಗ್ಗ, ನುಸಿ ಹಿಡಿಯುವುದಿಲ್ಲ, ಬೇಗ ಒಣಗುತ್ತದೆ. ಇವತ್ತು ನಾವು ‘ವುಲನ್’ ಎಂದು ಕೊಳ್ಳುವ ಅಗ್ಗದ ಕಾಲುಚೀಲ ಹೆಚ್ಚಾಗಿ ಅದೇ.

ಈ ಕಥೆಯ ಕೊನೆಯ ಕೊಂಡಿ ನಮ್ಮ ಕರ್ನಾಟಕದ್ದು. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲೂ ವಸತಿಗಳಾದವು. ಮುಸುಕಿನ ಜೋಳದ ಕೊಯ್ಲು ಮುಗಿದ ಮೇಲೆ ಆ ಕುಟುಂಬಗಳಲ್ಲಿ ಅನೇಕರು ಲೂಧಿಯಾನದ ವ್ಯಾಪಾರಿಗಳಿಂದ ಸಾಲಕ್ಕೆ ಸರಕು ತಂದು ಊರೂರುಗಳಲ್ಲಿ ಸ್ವೆಟರ್ ಮಾರುತ್ತಾರೆ. ಸೀಸನ್ ಮುಗಿದ ಮೇಲೆ ಸಾಲ ತೀರಿಸುತ್ತಾರೆ. ಮಾತು ತಪ್ಪದ ನಂಬಿಕೆಯ ಮೇಲೆ ನಡೆದು ಬಂದ ವ್ಯಾಪಾರ ಅದು.

ಅತ್ತೆಯವರ ಗಾಯ ಮಾಗಿದ ಮೇಲೆ ಕಶ್ಮೀರಿ ಗೇಟಿನ ಹತ್ತಿರದ ಮೊನಾಸ್ಟ್ರಿ ಮಾರುಕಟ್ಟೆಗೆ ಹೋಗಿದ್ದೆವು. ನಾವಿಬ್ಬರೂ ಮಾತಾಡುವುದನ್ನು ಕೇಳಿ ಅಂಗಡಿಯ ಟಿಬೆಟನ್ ಹೆಂಗಸು, “ಯಾವ ಊರಮ್ಮ ನಿಮ್ದು? ನಮ್ದು ಬೈಲಕುಪ್ಪೆ” ಎಂದರು. ಅತ್ತೆಯವರ ಮುಖ ಅರಳಿತು. ಆಕೆ ಕಾಲುಂಗುರವಿಲ್ಲದ ಬೆರಳನ್ನೂ ಅದರ ಗುರುತನ್ನೂ ನೋಡಿ, ರಬ್ಬರ್ ಬಿಗಿಯಿಲ್ಲದ, ಒಳಗೆ ಟರ್ಕಿ ಟವೆಲ್ಲಿನಂಥ ಕುಣಿಕೆಗಳಿದ್ದ ಹೆಬ್ಬೆರಳಿನ ಕಾಲುಚೀಲ ತೆಗೆದುಕೊಟ್ಟರು. ನಾನು ಮೊದಲು ಕೊಂಡದ್ದರ ಕಾಲುಭಾಗದಷ್ಟೂ ಬೆಲೆಯಿರಲಿಲ್ಲ.

ಈ ಚರಿತ್ರೆಯಿಂದ ನಾನು ಕಲಿತದ್ದು ಇಷ್ಟು. ಕಾಲುಚೀಲ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ದಾರಗಳ ನಡುವೆ ಹಿಡಿದಿಟ್ಟ ಗಾಳಿಯೇ ನಮ್ಮ ಮೈಶಾಖವನ್ನು ಕಾಯುವುದು. ಆದ್ದರಿಂದ ಬಿಗಿಯಾದ ಎರಡಕ್ಕಿಂತ ಸಡಿಲವಾದ ಒಂದೇ ಬೆಚ್ಚಗಿರುತ್ತದೆ. ಲೇಬಲ್ಲಿನ ‘ಥರ್ಮಲ್’ ಪದಕ್ಕಿಂತ ಒಳಭಾಗವನ್ನು ತಿರುಗಿಸಿ ನೋಡಿ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಯೂ ಒದ್ದೆ ಅನ್ನಿಸುವುದಿಲ್ಲ. ಅಕ್ರಿಲಿಕ್ ತೇವ ಹೀರುವುದು ತೀರಾ ಕಡಿಮೆ, ಬೆವರು ಚರ್ಮದ ಮೇಲೇ ಉಳಿಯಬಹುದು. ಹಾಗಾಗಿ ಅದನ್ನು ದಿನಾ ಬದಲಿಸಿ. ಹತ್ತಿ ಒದ್ದೆಯಾದರೆ ತಣ್ಣಗೇ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ತಿಳಿ ಬಣ್ಣದ, ಬೆರಳ ತುದಿಯಲ್ಲಿ ದಪ್ಪ ಹೊಲಿಗೆಯಿಲ್ಲದ ಕಾಲುಚೀಲ ಆರಿಸಿ. ಗಾಯವಾದರೆ ಕಲೆ ಕಾಣುತ್ತದೆ. ಹೀಟರಿಗೋ ಬಿಸಿನೀರಿನ ಚೀಲಕ್ಕೋ ಅವರ ಪಾದ ತಾಗಿಸಬೇಡಿ. ರಾತ್ರಿ ಒಮ್ಮೆ ಪಾದ ನೋಡಿ.

ಅತ್ತೆಯವರು ಕಾಲುಂಗುರವನ್ನು ಮತ್ತೆ ಹಾಕಿಕೊಂಡದ್ದು ಯುಗಾದಿಗೆ, ಹಾಸನದಲ್ಲಿ, ಒಂದಿಷ್ಟು ಸಡಿಲ ಮಾಡಿಸಿ. ಪ್ರತಿ ನವೆಂಬರಿನಲ್ಲಿ ಈಗ ಫೋನು ಬರುತ್ತದೆ: “ಬೈಲಕುಪ್ಪೆಯವರು ಬಂದರೇನಮ್ಮಾ? ನನಗೆರಡು ಜೊತೆ ತೆಗೆದಿಡು.”