ಪಾಟ್ರಿಶೋ ಚರ್ಚಿನ ದೀಕ್ಷಾಸ್ನಾನದ ತೊಟ್ಟಿ: ಲೇಖ ಮತ್ತು ಕಾಲನಿರ್ಣಯ

ವೇಲ್ಸ್‌ನ ಪೋವಿಸ್ ಪ್ರಾಂತ್ಯದ ಬ್ಲ್ಯಾಕ್ ಮೌಂಟನ್ಸ್ ಬೆಟ್ಟಸಾಲಿನಲ್ಲಿ ಗ್ರುಯ್ನೆ ಫೌರ್ ಹೊಳೆಯ ಕಣಿವೆಯಿದೆ. ಅಲ್ಲಿನ ಇಳಿಜಾರಿನ ಮೇಲಿರುವ ಪಾಟ್ರಿಶೋ ಚರ್ಚು, ಸುಮಾರು 1500ರಲ್ಲಿ ಕೆತ್ತಿದ ಮರದ ಅಡ್ಡತೆರೆಗೆ ಹೆಸರಾಗಿದೆ. ನೋಡಬಂದವರ ಕಣ್ಣು ಮೊದಲು ಹೋಗುವುದು ಅದರತ್ತಲೇ. ಆದರೆ ಚರಿತ್ರೆಯ ಆಕರವಾಗಿ ಅದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಅಲ್ಲಿನ ದುಂಡನೆಯ ಕಲ್ಲುತೊಟ್ಟಿ. ನಾರ್ಮನ್ನರು ಬರುವ ಮುನ್ನ ಈ ಕಣಿವೆಯನ್ನು ಆಳಿದ ವೆಲ್ಶ್ ಒಡೆಯನೊಬ್ಬನಿಗೆ ಅದು ಸಾಕ್ಷಿ ಎಂಬುದು ಈ ಲೇಖನದ ನಿಲುವು.

ಈ ಸ್ಥಳದ ಹಳೆಯ ಹೆಸರು ಮೆರ್ಥಿರ್ ಇಸ್ಸೂಯಿ. ಹೊಳೆಯ ಬದಿಯಲ್ಲಿ ವಾಸವಾಗಿದ್ದ ಇಸ್ಸೂಯಿ ಎಂಬ ಸಂತನನ್ನು, ಅವನಲ್ಲಿ ಆಶ್ರಯ ಪಡೆದ ದಾರಿಹೋಕನೇ ಕೊಂದನೆಂದು ಐತಿಹ್ಯ ಹೇಳುತ್ತದೆ. ಅವನ ಹೆಸರಿನ ಬುಗ್ಗೆಯ ನೀರಿನಿಂದ ಕುಷ್ಠ ವಾಸಿಯಾದ ಪರದೇಶಿ ಯಾತ್ರಿಕನೊಬ್ಬ ಚರ್ಚು ಕಟ್ಟಲು ಚಿನ್ನ ಕೊಟ್ಟನಂತೆ. ಕಥೆಯ ವಿವರಗಳನ್ನು ಇತಿಹಾಸವೆಂದು ಒಪ್ಪಲಾಗದು. ಕಟ್ಟಡಕ್ಕೂ ಮೊದಲೇ ಇಲ್ಲಿ ಸಂತನ ಆರಾಧನೆ ಬೇರೂರಿತ್ತೆಂಬ ನಂಬಿಕೆ ಮಾತ್ರ ಅದರಲ್ಲಿ ಉಳಿದುಬಂದಿದೆ.

ತೊಟ್ಟಿಯ ಅಂಚಿನಲ್ಲಿ ಲ್ಯಾಟಿನ್ ಲೇಖವಿದೆ: ಮೆನ್ಹಿರ್ ಮೆ ಫೆಚಿತ್ ಇನ್ ಟೆಂಪೋರೆ ಗೆನಿಲ್ಲಿನ್. ‘ಗೆನಿಲ್ಲಿನನ ಕಾಲದಲ್ಲಿ ಮೆನ್ಹಿರ್ ನನ್ನನ್ನು ಮಾಡಿದನು’ ಎಂದು ಇದರ ಅರ್ಥ. ಮಾಡಿದ ವಸ್ತುವೇ ತನ್ನ ಶಿಲ್ಪಿಯ ಹೆಸರು ಹೇಳುವ ಈ ರೀತಿ ಮಧ್ಯಯುಗದ ಯುರೋಪಿನಲ್ಲಿ ರೂಢಿಯಲ್ಲಿತ್ತು. ಇಂಗ್ಲೆಂಡಿನ ಬ್ರೈಡ್‌ಕರ್ಕ್ ಚರ್ಚಿನಲ್ಲಿರುವ 12ನೇ ಶತಮಾನದ ತೊಟ್ಟಿಯೂ ರೂನ್ ಲಿಪಿಯಲ್ಲಿ ರಿಚರ್ಡ್ ಎಂಬ ಶಿಲ್ಪಿಯನ್ನು ಹೆಸರಿಸುತ್ತದೆ. ಪಾಟ್ರಿಶೋ ಲೇಖ ಶಿಲ್ಪಿಯ ಜೊತೆಗೆ ಆಳುವವನ ಹೆಸರನ್ನೂ ಕೊಡುತ್ತದೆ. ವರ್ಷವನ್ನು ನಮೂದಿಸದ ಈ ಲೇಖದಲ್ಲಿ ಕಾಲಸೂಚನೆಯೆಂದರೆ ಆ ಹೆಸರೊಂದೇ.

ಗೆನಿಲ್ಲಿನನನ್ನು ವಿದ್ವಾಂಸರು ಸಾಮಾನ್ಯವಾಗಿ ಅಸ್ಟ್ರಾಡ್ ಯೂ ಸೀಮೆಯ ಒಡೆಯ, ರೀಸ್ ಗೋಖ್‌ನ ಮಗ ಕನ್ಹಿಲಿನ್ ಎಂದು ಗುರುತಿಸುತ್ತಾರೆ. ಅವನ ಕಾಲ 11ನೇ ಶತಮಾನದ ನಡುಭಾಗ. ಈ ಗುರುತಿಗೆ ಇನ್ನೊಂದು ಆಕರದಿಂದಲೂ ಬೆಂಬಲವಿದೆ. 1056ರಿಂದ 1104ರವರೆಗೆ ಬಿಷಪ್ ಆಗಿದ್ದ ಹೆರೆವಾಲ್ಡ್ ಮೆರ್ಥಿರ್ ಇಸ್ಸೂಯಿಯ ಚರ್ಚನ್ನು ಪ್ರತಿಷ್ಠಾಪಿಸಿದನೆಂದು ‘ಲ್ಯಾಂಡಾಫ್ ಗ್ರಂಥ’ ದಾಖಲಿಸುತ್ತದೆ. ಗಡಿವಿವಾದಗಳಲ್ಲಿ ಲ್ಯಾಂಡಾಫ್ ಧರ್ಮಪ್ರಾಂತ್ಯದ ಹಕ್ಕನ್ನು ಸಾಧಿಸಲು 12ನೇ ಶತಮಾನದಲ್ಲಿ ಸಂಕಲಿಸಿದ ಗ್ರಂಥವಾದ್ದರಿಂದ ಅದನ್ನು ಎಚ್ಚರದಿಂದ ಓದಬೇಕು. ಆದರೂ ಬೇರೆ ಬೇರೆ ಉದ್ದೇಶಗಳಿಂದ ಹುಟ್ಟಿದ ಕಲ್ಲು ಮತ್ತು ಕಡತ ಎರಡೂ ಒಂದೇ ಕಾಲದತ್ತ ಬೆರಳು ತೋರಿಸುವುದು ಗಮನಾರ್ಹ. ನಾರ್ಮನ್ ದೊರೆ ಬರ್ನಾರ್ಡ್ ದ ನಫ್‌ಮಾರ್ಷೆಯ ಪಡೆ ಬ್ರೆಕನ್ ಬಳಿ ದಕ್ಷಿಣ ವೇಲ್ಸ್‌ನ ವೆಲ್ಶ್ ಅರಸ ರೀಸ್ ಆಪ್ ಟ್ಯೂಡರ್‌ನನ್ನು ಕೊಂದದ್ದು 1093ರಲ್ಲಿ. ಮೇಲಿನ ಗುರುತನ್ನು ಒಪ್ಪಿದರೆ, ತೊಟ್ಟಿ ಈ ಸೀಮೆ ನಾರ್ಮನ್ನರ ಕೈಸೇರಿದ ಆ ಪಲ್ಲಟಕ್ಕಿಂತ ಹಿಂದಿನದು.

ಇಂಥ ತೊಟ್ಟಿ ಉಳಿದುಬಂದದ್ದು ಸುಲಭದ ಮಾತಲ್ಲ. ಮಂತ್ರಿಸಿದ ನೀರನ್ನು ಮಾಟಕ್ಕೆ ಕದ್ದೊಯ್ಯದಂತೆ ತೊಟ್ಟಿಗಳಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ 1236ರಲ್ಲಿ ವಿಧಿಸಿದ. ಆ ಬೀಗದ ಕೊಂಡಿಗಳ ಗುರುತು ಅನೇಕ ಹಳೆಯ ತೊಟ್ಟಿಗಳ ಅಂಚಿನಲ್ಲಿ ಇಂದಿಗೂ ಕಾಣುತ್ತದೆ. ಮತಸುಧಾರಣೆಯ ಕಾಲದಲ್ಲಿ ಬಂದದ್ದು ಇನ್ನೂ ದೊಡ್ಡ ಗಂಡಾಂತರ. ಕಲ್ಲಿನ ಪೂಜಾಪೀಠಗಳನ್ನು ಕಿತ್ತುಹಾಕಬೇಕೆಂದು 1550ರಲ್ಲಿ ಆಜ್ಞೆಯಾಯಿತು. 1645ರಲ್ಲಿ ಪಾರ್ಲಿಮೆಂಟು ಜಾರಿಗೆ ತಂದ ಆರಾಧನಾ ನಿಯಮಾವಳಿ, ಹಳೆಯ ತೊಟ್ಟಿಗಳಿದ್ದ ಜಾಗದಲ್ಲಿ ದೀಕ್ಷಾಸ್ನಾನ ಕೊಡುವುದನ್ನೇ ನಿಷೇಧಿಸಿತು. ಪಾಟ್ರಿಶೋದಲ್ಲಿ ಪೂಜಾಪೀಠಗಳೂ ಉಳಿದಿವೆ, ತೊಟ್ಟಿಯೂ ಉಳಿದಿದೆ. ಕಣಿವೆ ದೂರದ್ದಾಗಿದ್ದುದು ಇದಕ್ಕೆ ಒಂದು ಕಾರಣವಿರಬಹುದು. ವಾಸ್ತುಶಿಲ್ಪಿ ಡಬ್ಲ್ಯು. ಡಿ. ಕಾರೋ 1908–09ರಲ್ಲಿ ಕೈಗೊಂಡ ಜೀರ್ಣೋದ್ಧಾರವೂ ಹಳೆಯದನ್ನು ಅಳಿಸದೆ ಕಾಪಾಡಿತು.

ಒಟ್ಟಿನಲ್ಲಿ, ತೊಟ್ಟಿ 11ನೇ ಶತಮಾನದ ನಡುಭಾಗದ್ದೆಂಬ ತೀರ್ಮಾನ ನಿಂತಿರುವುದು ಅಂಚಿನ ಲೇಖ, ಒಡೆಯನ ಗುರುತು ಮತ್ತು ಪ್ರತಿಷ್ಠಾಪನೆಯ ದಾಖಲೆ, ಈ ಮೂರರ ಮೇಲೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಸಾಲದು. ಮೂರನ್ನೂ ಕೂಡಿಸಿ ಓದಿದಾಗ ಮಾತ್ರ ತೀರ್ಮಾನಕ್ಕೆ ಬಲ ಬರುತ್ತದೆ. ಹಳ್ಳಿಯ ಚರ್ಚುಗಳ ತೊಟ್ಟಿಗಳನ್ನು ಕಲಾವಸ್ತುಗಳೆಂದು ವರ್ಣಿಸಿ ಬಿಡದೆ, ಲಿಖಿತ ದಾಖಲೆಗಳ ಸಾಲಿನಲ್ಲಿಟ್ಟು ಓದುವ ಕೆಲಸವನ್ನು ಸಂಶೋಧಕರು ಇನ್ನಷ್ಟು ವಿಸ್ತಾರವಾಗಿ ಕೈಗೆತ್ತಿಕೊಳ್ಳಬೇಕು.