ಕರಾಚಿಯಿಂದ ಮುಂಬಯಿಗೆ ಎಷ್ಟು ದೂರ?

ಪಕ್ಕದ ಊರು ಎಷ್ಟು ದೂರವೆಂದು ಕೇಳಿದರೆ ನಮ್ಮ ಹಿರಿಯರು ಮೈಲಿಗಳನ್ನು ಎಣಿಸುತ್ತಿರಲಿಲ್ಲ. “ಒಂದು ಹೊತ್ತಿನ ದಾರಿ” ಎನ್ನುತ್ತಿದ್ದರು. ಆಕಾಶಮಾರ್ಗಕ್ಕೂ ಈ ಲೆಕ್ಕವೇ ಸರಿಯಾದುದೆಂಬುದು ನಮ್ಮ ಒಂದು ಹಳೆಯ ವಿಮಾನಮಾರ್ಗದ ಚರಿತ್ರೆಯಿಂದ ತಿಳಿಯುತ್ತದೆ.

ಭೂಪಟವನ್ನು ತೆರೆದು ಕರಾಚಿಯಿಂದ ಮುಂಬಯಿಗೆ ನೇರವಾಗಿ ಒಂದು ಗೆರೆ ಎಳೆಯಿರಿ. ಅದು ಸುಮಾರು 540 ಮೈಲಿ. ಗೆರೆ ಸಮುದ್ರವನ್ನೂ ಕಾಠೇವಾಡವನ್ನೂ ದಾಟಿ ಮತ್ತೆ ಸಮುದ್ರದ ಮೇಲೆ ಸಾಗುತ್ತದೆ. ಆದರೆ 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಟಪಾಲು ಹೊತ್ತು ಹೊರಟಾಗ ಈ ಗೆರೆಯನ್ನು ಹಿಡಿಯಲಿಲ್ಲ. ಅವರದು ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನ. ವೇಗ ಗಂಟೆಗೆ ಸುಮಾರು ನೂರು ಮೈಲಿ. ದಾರಿ ತೋರಲು ರೇಡಿಯೋ ಇರಲಿಲ್ಲ. ಎಣ್ಣೆಗಾಗಿ ನಡುವೆ ಅಹಮದಾಬಾದಿನಲ್ಲಿ ಇಳಿಯಬೇಕು. ಅಲ್ಲಿಗೆ ಎಣ್ಣೆಯ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಹೀಗೆ ಸುತ್ತಿ ಬಂದುದರಿಂದ 540 ಮೈಲಿ ಸುಮಾರು 640 ಆಯಿತು. ಬೆಳಗಿನ ಜಾವ ಕರಾಚಿ ಬಿಟ್ಟವರು ಜುಹುವಿನ ಬಯಲಿಗೆ ಇಳಿದಾಗ ಮಧ್ಯಾಹ್ನ ಎರಡು ಗಂಟೆಯ ಸಮೀಪ.

ಈ ಅವಸರವೇಕೆಂದು ನೀವು ಕೇಳಬಹುದು. 1929ರಿಂದ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್ನಿನ ಟಪಾಲನ್ನು ಕರಾಚಿಗೆ ತಂದು ಮುಟ್ಟಿಸುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಕಾಗದಗಳು ಬರಬೇಕಾದರೆ ರೈಲೇ ಗತಿ. ಸಮುದ್ರ, ಮರಳುಗಾಡುಗಳನ್ನು ಹಾರಿ ಬಂದ ಕಾಗದ ಇಲ್ಲಿ ನಿಧಾನವಾಗಿ ತೆವಳಬೇಕಾಗಿತ್ತು. ಈ ಕೊರತೆಯನ್ನು ನೀಗಲೆಂದೇ ಹೊಸ ಮಾರ್ಗ ಹುಟ್ಟಿತು.

ಮುಂಬಯಿಯಿಂದ ಮುಂದೆ ಟಪಾಲನ್ನು ಒಯ್ದವರು ನೆವಿಲ್ ವಿನ್ಸೆಂಟ್. ಅವರ ಗುರಿ ಮದರಾಸು. ಆದರೆ ಕತ್ತಲಾದ ಮೇಲೆ ಹಾರುವಂತಿರಲಿಲ್ಲ. ಆದ್ದರಿಂದ ಅವರು ಆ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಮುಂಬಯಿಯಿಂದ ಬಳ್ಳಾರಿಗೆ ಸುಮಾರು 380 ಮೈಲಿ. ಬಳ್ಳಾರಿಯಿಂದ ಮದರಾಸಿಗೆ 265. ಹಾರಾಟದ ಲೆಕ್ಕದಲ್ಲಿ ಇದು ಆರೇಳು ಗಂಟೆಯ ಮಾತು. ನಡುವೆ ಒಂದು ರಾತ್ರಿ ಸೇರಿತೆಂದು ಕಾಗದ ಮದರಾಸು ಮುಟ್ಟಿದ್ದು ಮರುದಿನ. ಜುಹುವಿನ ನೆಲವಾದರೋ ಮಳೆಗಾಲದಲ್ಲಿ ಕೆಸರು; ಆಗ ವಿಮಾನಗಳು ಪುಣೆಯನ್ನು ಆಶ್ರಯಿಸುತ್ತಿದ್ದವು. ಅಂದಮೇಲೆ ಪಯಣದ ವೇಳೆಯನ್ನು ಎಂಜಿನ್ನೊಂದೇ ನಿರ್ಧರಿಸುತ್ತಿರಲಿಲ್ಲ. ಎಣ್ಣೆ, ಕತ್ತಲೆ, ಮಳೆ, ನೆಲ ಎಲ್ಲಕ್ಕೂ ಅದರಲ್ಲಿ ಪಾಲಿತ್ತು.

ಈ ಅಡ್ಡಿಗಳನ್ನು ಒಂದೊಂದಾಗಿ ವಿಜ್ಞಾನ ಗೆದ್ದಿದೆ. ಕರಾಚಿಯಿಂದ ಮುಂಬಯಿಗೆ ಇರುವ ನೇರ ದೂರ ಜೆಟ್ ವಿಮಾನಕ್ಕೆ ಒಂದೂವರೆ ಗಂಟೆಯ ಹಾರಾಟ, ಅಷ್ಟೆ. ಆದರೆ 1947ರಲ್ಲಿ ಆ ಎರಡು ಊರುಗಳು ಎರಡು ದೇಶಗಳಿಗೆ ಸೇರಿದವು. 1971ರಿಂದ 1976ರವರೆಗೆ ಎರಡು ದೇಶಗಳ ನಡುವೆ ವಿಮಾನ ಸಂಚಾರವೇ ನಿಂತಿತ್ತು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿದ್ದಾಗ, ದಿಲ್ಲಿಯಿಂದ ಯೂರೋಪಿಗೆ ಹೊರಟ ವಿಮಾನಗಳು ದಕ್ಷಿಣಕ್ಕೆ ಬಳಸಿಕೊಂಡು ಹೋಗಬೇಕಾಯಿತು.

1982ರ ಅಕ್ಟೋಬರ್ 15ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಟಾಟಾ ಅವರು ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನದಲ್ಲಿ ಮತ್ತೆ ಕರಾಚಿಯಿಂದ ಮುಂಬಯಿಗೆ ಹಾರಿಬಂದರು. ಐವತ್ತು ವರ್ಷಗಳಲ್ಲಿ ಮೈಲಿಗಳು ಒಂದೂ ಹೆಚ್ಚಿರಲಿಲ್ಲ. ಆದರೆ ಮೊದಲ ಸಲ ಒಂದೇ ಆಳ್ವಿಕೆಯ ಎರಡು ಊರುಗಳ ನಡುವೆ ಹಾರಿದ್ದವರು, ಈ ಸಲ ಒಂದು ಗಡಿಯನ್ನು ದಾಟಿ ಬಂದಿದ್ದರು. ಆ ಗಡಿ ತೆರೆದಿದ್ದರೆ ಒಂದೂವರೆ ಗಂಟೆಯ ದಾರಿ; ಮುಚ್ಚಿದ್ದರೆ ಎಷ್ಟು ಹೊತ್ತಿನದೆಂದು ಯಾವ ಭೂಪಟವೂ ಹೇಳಲಾರದು.